ಹಳೆಯ ಪೇಟೆಗೆ ಮರುಜೀವ: ಕಲ್ಲಿಕೋಟೆಯ ಮಿಠಾಯಿ ಬೀದಿ

ಊರು ಬೆಳೆದಂತೆ ವ್ಯಾಪಾರ ಹೆದ್ದಾರಿಯ ಬದಿಗೆ ಸರಿಯುತ್ತದೆ. ಹಳೆಯ ಪೇಟೆ ಬಡವಾಗುತ್ತದೆ. ಇದು ಅನೇಕ ಪಟ್ಟಣಗಳ ಕಥೆ. ಇದಕ್ಕೆ ಮದ್ದಿಲ್ಲವೆ? ಕಲ್ಲಿಕೋಟೆಯವರು ತಮ್ಮ ಮಿಠಾಯಿ ಬೀದಿಯಲ್ಲಿ ಮಾಡಿದ ಪ್ರಯೋಗವನ್ನು ಕಾಸರಗೋಡಿನ ನಾವು ಗಮನಿಸುವುದು ಒಳ್ಳೆಯದು.

ಮಾನಾಂಚಿರದ ಬಳಿಯಿಂದ ಹೊರಡುವ ಈ ಬೀದಿ ಹಲ್ವಕ್ಕೆ ಹೆಸರಾದದ್ದು. ಗುಜರಾತಿನ ಮಿಠಾಯಿಗಾರರನ್ನು ಸಾಮೂದಿರಿ ಅರಸರು ಇಲ್ಲಿ ನೆಲೆಗೊಳಿಸಿದರೆಂದು ಜನ ಹೇಳುತ್ತಾರೆ. ಎಸ್.ಕೆ. ಪೊಟ್ಟೆಕ್ಕಾಟರ 'ಒರು ತೆರುವಿಂಡೆ ಕಥ' ಕಾದಂಬರಿಗೆ ವಸ್ತುವಾದದ್ದೂ ಇದೇ ಬೀದಿ. ಅವರ ಪ್ರತಿಮೆ ಈಗ ಬೀದಿಯ ತಲೆಯಲ್ಲಿ ನಿಂತಿದೆ.

ಆದರೆ ಹೆಸರಿದ್ದ ಮಾತ್ರಕ್ಕೆ ಪೇಟೆ ಉಳಿಯದು. ಒಂದಕ್ಕೊಂದು ಅಂಟಿಕೊಂಡ ಅಂಗಡಿಗಳು, ತಲೆಯ ಮೇಲೆ ಜೋತಾಡುವ ವಿದ್ಯುತ್ ತಂತಿಗಳು, ಕಾಲಿಡಲು ಎಡೆಯಿಲ್ಲದ ವಾಹನ ಸಂದಣಿ. 2007ರ ಏಪ್ರಿಲಿನಲ್ಲಿ ಪಟಾಕಿ ಅಂಗಡಿಯಿಂದ ಹಬ್ಬಿದ ಬೆಂಕಿ 8 ಮಂದಿಯನ್ನು ಬಲಿ ತೆಗೆದುಕೊಂಡಿತು. 2017ರ ಫೆಬ್ರವರಿಯಲ್ಲಿ ಮತ್ತೆ ಬೆಂಕಿ ಬಿತ್ತು.

ಅದೇ ವರ್ಷದ ಡಿಸೆಂಬರಿನಲ್ಲಿ ನವೀಕರಿಸಿದ ಬೀದಿಯನ್ನು ಜನರಿಗೆ ತೆರೆಯಲಾಯಿತು. ತಂತಿಗಳು ನೆಲದಡಿಗೆ ಇಳಿದವು, ದಾರಿಗೆ ಹಾಸು ಬಂತು, ದೀಪಗಳು ಬಂದವು. ಹಗಲು ಹೊತ್ತು ವಾಹನಗಳಿಗೆ ತಡೆ ಬಿತ್ತು. ವ್ಯಾಪಾರಿಗಳು ಇದನ್ನು ವಿರೋಧಿಸಿದರು. ವಾಹನ ನಿಲ್ಲಿಸಲು ಹತ್ತಿರ ಜಾಗವಿಲ್ಲದಿದ್ದರೆ ಗಿರಾಕಿ ಬೇರೆಡೆಗೆ ಹೋಗುವನೆಂಬ ಅವರ ಭಯವನ್ನು ಸುಳ್ಳೆನ್ನಲಾಗದು. ಮಕ್ಕಳ ಕೈಹಿಡಿದು ನಿರಾತಂಕವಾಗಿ ನಡೆಯಬಹುದಾದ ಬೀದಿಯೊಂದು ಊರಿಗೆ ದೊರೆತದ್ದೂ ಸುಳ್ಳಲ್ಲ. ಎರಡನ್ನೂ ತೂಗಿ ನೋಡಬೇಕು.

ಇನ್ನು ನಮ್ಮ ಊರಿನ ಮಾತು. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಜಿಲ್ಲಾಧಿಕಾರಿ ಕಚೇರಿ ಇರುವುದು ಪೇಟೆಯಿಂದಾಚೆ ವಿದ್ಯಾನಗರದಲ್ಲಿ. ಹೊಸ ಬಸ್ ನಿಲ್ದಾಣ ಹೆದ್ದಾರಿಯ ಬದಿಯಲ್ಲಿದೆ. ಕಚೇರಿಗೆ ಬಂದವನು ಹಳೆಯ ಪೇಟೆಗೆ ಕಾಲಿಡದೆಯೇ ಊರಿಗೆ ಮರಳಬಹುದು. ಹಳೆ ಬಸ್ ನಿಲ್ದಾಣ, ಎಂ.ಜಿ. ರಸ್ತೆಗಳ ಸಣ್ಣ ವ್ಯಾಪಾರಿಗೆ ಇದರ ಅರ್ಥ ಬೇರೆ ಹೇಳಬೇಕಾಗಿಲ್ಲ.

ಇದು ಬರೇ ವ್ಯಾಪಾರದ ಪ್ರಶ್ನೆಯೆ? ಬದಿಯಡ್ಕ, ಮುಳ್ಳೇರಿಯ, ಕುಂಬಳೆಗಳಿಂದ ಬಂದವರು ಜವಳಿ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿ, ತುಳುವಿನಲ್ಲಿ ಚರ್ಚೆಮಾಡಿ, ಮಲಯಾಳದಲ್ಲಿ ಲೆಕ್ಕ ಮುಗಿಸುವ ಪೇಟೆ ನಮ್ಮದು. ಗಿರಾಕಿಯ ಮನೆತನ, ಮನೆಮಾತು ಎರಡನ್ನೂ ಬಲ್ಲ ಅಂಗಡಿಯವನು ಬಾಗಿಲು ಹಾಕಿದರೆ ಶಾಲೆ, ಮನೆಗಳ ಹೊರಗೆ ಕನ್ನಡ ಕೇಳುವ ಒಂದು ಜಾಗ ಕಡಿಮೆಯಾದಂತೆ. ಹಕ್ಕುಗಳನ್ನು ಕಾಯಿದೆಯಲ್ಲಿ ಬರೆಯಬಹುದು. ದಿನಬಳಕೆ ಬೆಳೆಯುವುದು ಇಂಥ ಕಡೆ.

ಆದುದರಿಂದ ಹಳೆಯ ಪೇಟೆಯ ದುರಸ್ತಿಯ ಮಾತು ಬಂದಾಗ ಕೆಲವನ್ನು ಮೊದಲೇ ಕೇಳಿಡಬೇಕು. ತಂತಿ, ಚರಂಡಿ, ಬೆಂಕಿಯಿಂದ ರಕ್ಷಣೆ ಮೊದಲು, ಅಲಂಕಾರ ಆಮೇಲೆ. ವಾಹನಗಳನ್ನು ತಡೆಯುವುದಾದರೆ ನಿಲುಗಡೆಗೆ ಜಾಗ ಮೊದಲೇ ಸಿದ್ಧವಾಗಲಿ. ಬೀದಿ ಚೆಂದವಾದ ಕೂಡಲೆ ಬಾಡಿಗೆ ಏರಿ ಹಳೆಯ ಬಾಡಿಗೆದಾರ ಹೊರಬೀಳದಂತೆ ನೋಡಿಕೊಳ್ಳಬೇಕು. ದಾರಿ ತೋರುವ ಫಲಕಗಳಲ್ಲಿ ಮಲಯಾಳದ ಜೊತೆ ಕನ್ನಡವೂ ಇರಲಿ.

ನಮ್ಮ ಕೈಯಲ್ಲೇ ಇರುವ ಕೆಲಸವೂ ಒಂದಿದೆ. ಹಬ್ಬಕ್ಕೆ, ಮದುವೆಗೆ ಕೊಳ್ಳುವ ಸಾಮಾನಿನಲ್ಲಿ ಒಂದು ಪಾಲನ್ನಾದರೂ ಹಳೆಯ ಪೇಟೆಯಿಂದ ತಂದರೆ, ನಗರಸಭೆಯ ಯೋಜನೆ ಬರುವವರೆಗೆ ಆ ಅಂಗಡಿಗಳ ಬಾಗಿಲು ತೆರೆದಿರುತ್ತದೆ.