ನಿಮಗಿದು ಗೊತ್ತೆ? ಮಾರಾಟದ ಫೋನಿಗೂ ಮುಕ್ತ ಬುನಾದಿ
ಆಂಡ್ರಾಯ್ಡ್ ಫೋನ್, ಐಫೋನ್ ಎರಡೂ ಅಪ್ಪಟ ವ್ಯಾಪಾರಿ ಸರಕು. ಆದರೆ ಎರಡರ ಆಪರೇಟಿಂಗ್ ಸಿಸ್ಟಂಗೂ ಬುನಾದಿ ಮುಕ್ತ ತಂತ್ರಾಂಶ. ಅರಸೀಕೆರೆಯಲ್ಲಿ ಕೊಬ್ಬರಿ ಧಾರಣೆ ನೋಡುವ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಬೇಲೂರಿನ ಮದನಿಕೆಯರ ಚಿತ್ರ ತೆಗೆಯುವ ಐಫೋನಿನಡಿ ಡಾರ್ವಿನ್ ಎಂಬ ಬುನಾದಿ ತಂತ್ರಾಂಶ ಇದೆ. ಅದರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಬಿಎಸ್‌ಡಿ ಯುನಿಕ್ಸ್‌ನಿಂದ ಬಂದ ಭಾಗಗಳಿವೆ.

ವ್ಯತ್ಯಾಸವಿರುವುದು ಪರವಾನಗಿಯಲ್ಲಿ. ಲಿನಕ್ಸ್ ಕರ್ನಲನ್ನು ತಿದ್ದಿ ಫೋನಿಗೆ ಹಾಕಿ ಮಾರುವ ಕಂಪನಿ, ಅದರ ಪರವಾನಗಿಯಾದ ಜಿಪಿಎಲ್ ಪ್ರಕಾರ, ತಿದ್ದಿದ ಮೂಲಸಂಕೇತವನ್ನೂ ಕೊಡಬೇಕು. ಬಿಎಸ್‌ಡಿ ಪರವಾನಗಿಗೆ ಈ ಷರತ್ತಿಲ್ಲ. ಕಂಪನಿಗಳಿಗೆ ಅದು ಅಚ್ಚುಮೆಚ್ಚಾದದ್ದರಲ್ಲಿ ಆಶ್ಚರ್ಯವೇನಿಲ್ಲ.

ಕನ್ನಡಕ್ಕಂತೂ ಮುಕ್ತ ತಂತ್ರಾಂಶದ ಲಾಭ ನೇರವಾದದ್ದು. ಹಳೇಬೀಡಿನ 'ಹೊಯ್ಸಳೇಶ್ವರ'ನ ಹೆಸರನ್ನು ಆಂಡ್ರಾಯ್ಡ್‌ನಲ್ಲಿ ಬರೆದಾಗ ಒತ್ತಕ್ಷರಗಳನ್ನು ಅವುಗಳ ಜಾಗದಲ್ಲಿ ಕೂರಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಬಳಸುವುದೂ ಇದನ್ನೇ. ಹೀಗಾಗಿ ಒಮ್ಮೆ ತಿದ್ದಿದ ದೋಷ, ಮುಂದಿನ ಆವೃತ್ತಿಗಳಲ್ಲಿ ಇವೆಲ್ಲದರಲ್ಲೂ ಸರಿಹೋಗುತ್ತದೆ.

ಬುನಾದಿ ಮುಕ್ತವೆಂದ ಮಾತ್ರಕ್ಕೆ ಇಡೀ ಫೋನು ಮುಕ್ತವಲ್ಲ. ಗೂಗಲ್‌ನ ಪ್ಲೇ ಸ್ಟೋರ್, ಐಫೋನಿನ ಪರದೆಯ ಮೇಲೆ ಕಾಣುವ ಬಹುಭಾಗ ಈಗಲೂ ಕಂಪನಿಗಳ ಖಾಸಗಿ ತಂತ್ರಾಂಶವೇ.