ಅಂಟಿಸದೆ ಉಳಿಸಿದ ತಲೆ

ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳನ್ನು ಕಂಡು ಬೆಳೆದ ಕುಂದಾಪುರದವರಿಗೆ, ಗೊಂಬೆಯ ಜೀವವಿರುವುದು ಅದರ ಕೀಲಿನಲ್ಲೆಂದು ಹೇಳಬೇಕಾಗಿಲ್ಲ. ಸ್ಟುವರ್ಟ್ ಟ್ಯಾಂಕಿನ ಕಿರು ಪ್ರತಿಕೃತಿಯೊಂದನ್ನು ಕೈಯಾರೆ ಜೋಡಿಸುವಾಗ ನನಗೂ ಈ ಮಾತು ನೆನಪಾಯಿತು. ಮೂವತ್ತೈದರಲ್ಲೊಂದು ಪಾಲಿನ ಅಳತೆ. 37 ಮಿಲಿಮೀಟರಿನ ತೋಪಿನ ಬಾಯಿ ಇಲ್ಲಿ ಸುಮಾರು ಒಂದೇ ಮಿಲಿಮೀಟರು. ನಮ್ಮೂರ ಆಷಾಢದ ತೇವದಲ್ಲಿ ಬಣ್ಣದ ಒಂದೊಂದು ಲೇಪ ಆರುವುದಕ್ಕೂ ತಾಳ್ಮೆಯಿಂದ ಕಾಯಬೇಕು.

ಆ ಬಿಡುವಿನಲ್ಲಿ ಇದರ ಇತಿಹಾಸವನ್ನು ಓದಿದೆ. 1948ರಲ್ಲಿ ಕೊಡಗಿನ ಸೇನಾನಿ ಕೆ. ಎಸ್. ತಿಮ್ಮಯ್ಯನವರು, ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಈ ಟ್ಯಾಂಕುಗಳನ್ನು ತರಿಸಿದರು. ಶತ್ರುವಿಗೆ ಸುಳಿವು ಸಿಗದಿರಲೆಂದು ತೋಪು ಹೊತ್ತು ತಿರುಗುವ ತಲೆಯನ್ನೇ ಕಳಚಿ ಸಾಗಿಸಿ, ಮುಂದೆ ಮರಳಿ ಜೋಡಿಸಲಾಯಿತು. ಅಷ್ಟು ಎತ್ತರದಲ್ಲಿ ಟ್ಯಾಂಕನ್ನು ಯಾರೂ ನಿರೀಕ್ಷಿಸಿರಲಿಲ್ಲ. ನವೆಂಬರ್ 1ರ ದಾಳಿಯಲ್ಲಿ, ಲೇಹದ ಹಾದಿಯ ಆ ಕಣಿವೆ ಕೈವಶವಾಯಿತು.

ಪ್ರತಿಕೃತಿಯ ಉಳಿದೆಲ್ಲ ಭಾಗಗಳನ್ನೂ ಅಂಟಿಸಿ ಮುಗಿಸಿದ್ದೇನೆ; ತಲೆಯನ್ನು ಮಾತ್ರ ಅಂಟಿಸಿಲ್ಲ. ವಿದ್ಯಾರ್ಥಿಗಳು ಅದನ್ನು ಎತ್ತಿ ನೋಡುತ್ತಾರೆ. ಎತ್ತಿದೊಡನೆ ಕಾಣುವುದು, ನಾಲ್ವರು ಯೋಧರು ಮೈ ಮುದುಡಿ ಕೂರುತ್ತಿದ್ದ ಇಕ್ಕಟ್ಟು. ಹೊರಗಿನಿಂದ ಅದೊಂದು ಆಟಿಕೆ. ಒಳಗೆ ಇಣುಕಿದವರಿಗೆ ಸಮರದ ನಿಜವಾದ ಅಳತೆ ತಿಳಿದೀತು.