ಫೀಸಿನ ಅಂಕಿ ನೋಡಿ ಹಿಂದೆ ಸರಿಯುವ ಮುನ್ನ

ಸುಂಕದಕಟ್ಟೆ, ಹೆಗ್ಗನಹಳ್ಳಿ, ಕೊಟ್ಟಿಗೆಪಾಳ್ಯ, ಹೇರೋಹಳ್ಳಿ ಕಡೆಯ ಬಹಳಷ್ಟು ಮನೆಗಳಲ್ಲಿ ಮಕ್ಕಳ ಕಾಲೇಜಿನ ಮಾತು ಶುರುವಾಗುವುದು ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ಮೇಲೆ. ಅಪ್ಪ ಪೀಣ್ಯದ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ನಿಲ್ಲುವವರು, ಅಮ್ಮ ಗಾರ್ಮೆಂಟ್ಸ್‌ಗೆ ಹೋಗುವವರು. ಬಿ.ಕಾಂ., ಬಿಸಿಎ, ಡಿಪ್ಲೊಮಾ ಎಂದರೆ ಮನೆಯವರಿಗೆಲ್ಲ ಗೊತ್ತು. ‘ಲಿಬರಲ್ ಆರ್ಟ್ಸ್’ ಎಂದು ಮಗಳು ಬಾಯಿಬಿಟ್ಟರೆ ಯಾರೋ ಮೊಬೈಲಿನಲ್ಲಿ ಫೀಸು ಹುಡುಕುತ್ತಾರೆ, ಲಕ್ಷಗಳ ಅಂಕಿ ಕಾಣುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಆ ಅಂಕಿಯನ್ನು ಓದುವ ಕ್ರಮ ಬೇರೆ ಇದೆ. ಅದನ್ನು ತಿಳಿಯದೆ ಬಾಗಿಲು ಹಾಕಿಕೊಂಡ ಜಾಣ ಮಕ್ಕಳು ಈ ಮಾಗಡಿ ರಸ್ತೆಯ ಉದ್ದಕ್ಕೂ ಇದ್ದಾರೆ ಎಂಬುದೇ ಈ ಅಧ್ಯಾಯ ಬರೆಯಲು ಕಾರಣ.

ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ವಿದ್ಯಾರ್ಥಿ ಒಂದು ಮುಖ್ಯ ವಿಷಯ ಹಿಡಿಯುತ್ತಾಳೆ, ಅರ್ಥಶಾಸ್ತ್ರವೋ ಜೀವಶಾಸ್ತ್ರವೋ ಇತಿಹಾಸವೋ. ಜೊತೆಗೆ ತನ್ನದಲ್ಲದ ವಿಷಯಗಳನ್ನೂ ಓದಲೇಬೇಕು. ತರಗತಿ ಚಿಕ್ಕದು, ಬರವಣಿಗೆ ಹೆಚ್ಚು, ಚರ್ಚೆ ಹೆಚ್ಚು. ಅಮೆರಿಕದಲ್ಲಿ ಇದಕ್ಕೆ ಹಳೆಯ ಪರಂಪರೆಯಿದೆ. ವಿಲಿಯಮ್ಸ್ ಕಾಲೇಜು 1793ರದು, ಆಮ್‌ಹರ್ಸ್ಟ್ 1821ರದು. ನಮ್ಮಲ್ಲಿ ಇದು ಹೊಸದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2010ರ ರಾಜ್ಯ ಕಾಯ್ದೆಯಿಂದ ಹುಟ್ಟಿತು, ಪದವಿ ತರಗತಿಗಳನ್ನು 2015ರಲ್ಲಿ ಆರಂಭಿಸಿತು. ಮೈಸೂರು ರಸ್ತೆಯ ಆರ್‌ವಿ ವಿಶ್ವವಿದ್ಯಾಲಯ 2021ರಿಂದ ನಡೆಯುತ್ತಿದೆ. ಅಲ್ಲಿಯೂ ಲಿಬರಲ್ ಆರ್ಟ್ಸ್ ವಿಭಾಗವಿದೆ.

ಸೇರುವ ಬಗೆ

ಮೊದಲು ತಿಳಿಯಬೇಕಾದ್ದು ಕ್ಯಾಲೆಂಡರು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಿಯುಸಿ ಅಂಕಪಟ್ಟಿ ಹಿಡಿದು ಹೋದರೆ ಅರ್ಜಿ ಕೊಡುತ್ತಾರೆ. ಖಾಸಗಿ ವಿಶ್ವವಿದ್ಯಾಲಯಗಳು ಹಾಗಲ್ಲ. ಅಲ್ಲಿನ ಅರ್ಜಿಗಳು ಮಗು ಇನ್ನೂ ಸೆಕೆಂಡ್ ಪಿಯುಸಿ ಓದುತ್ತಿರುವಾಗಲೇ, ಪಬ್ಲಿಕ್ ಪರೀಕ್ಷೆಗೆ ತಿಂಗಳುಗಳ ಮೊದಲೇ ತೆರೆಯುತ್ತವೆ. ಏಪ್ರಿಲ್‌ನಲ್ಲಿ ರಿಸಲ್ಟ್ ನೋಡಿಕೊಂಡು ಹೊರಟರೆ ಸೀಟು ಉಳಿದಿದ್ದರೂ ನೆರವಿನ ಹಣ ಹಂಚಿಹೋಗಿರಬಹುದು. ಆದ್ದರಿಂದ ದಸರಾ ರಜೆ ಮುಗಿಯುವ ಹೊತ್ತಿಗೆ ಯಾವ ಕಾಲೇಜು, ಯಾವ ದಿನ ಕೊನೆ ಎಂಬುದು ಮನೆಯ ಗೋಡೆಯ ಮೇಲೆ ಬರೆದಿರಬೇಕು.

ಅಜೀಂ ಪ್ರೇಮ್‌ಜಿಯಲ್ಲಿ ಲಿಖಿತ ಪ್ರವೇಶ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಸಂದರ್ಶನ. ಪಠ್ಯಪುಸ್ತಕದ ಬಾಯಿಪಾಠ ಇಲ್ಲಿ ಕೆಲಸಕ್ಕೆ ಬಾರದು. ಓದಿದ್ದನ್ನು ಅರ್ಥಮಾಡಿಕೊಳ್ಳುವುದು, ಅಂಕಿಗಳ ಮೇಲೆ ತರ್ಕ ನಡೆಸುವುದು, ತನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವುದು, ಇವು ಬೇಕು. ಕಲಿಕೆ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳು ಹೆದರುವುದು ಇಲ್ಲಿಯೇ, ಆ ಹೆದರಿಕೆ ಸುಳ್ಳಲ್ಲ. ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ, ಅದರ ಸಾರವನ್ನು ನಾಲ್ಕು ಸಾಲಿನಲ್ಲಿ ಬರೆಯುವ ಅಭ್ಯಾಸವನ್ನು ಫಸ್ಟ್ ಪಿಯುಸಿಯಲ್ಲೇ ಹಿಡಿದರೆ, ದುಬಾರಿ ಕೋಚಿಂಗ್‌ಗಿಂತ ಅದೇ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ನಂಬಿಕೆ. ಸಂದರ್ಶನದಲ್ಲಿ ದೊಡ್ಡ ಮಾತು ಬೇಡ. ಪೀಣ್ಯದ ಕಾರ್ಖಾನೆಯ ಶಿಫ್ಟ್ ಹೇಗೆ ನಡೆಯುತ್ತದೆ, ಅಮ್ಮನ ಪಿಎಫ್ ಏಕೆ ತಡವಾಯಿತು ಎಂದು ಬಲ್ಲ ಮಗು ಅರ್ಥಶಾಸ್ತ್ರವನ್ನು ಆಗಲೇ ಹತ್ತಿರದಿಂದ ಕಂಡಿದೆ. ಅದನ್ನು ಮುಚ್ಚಿಡದೆ ಹೇಳಬೇಕು.

ಖರ್ಚಿನ ಲೆಕ್ಕ

ಕಾಲೇಜು ಪ್ರಕಟಿಸುವ ಫೀಸು ಒಂದು, ನಿಮ್ಮ ಮನೆಯಿಂದ ಹೊರಡುವ ಹಣ ಇನ್ನೊಂದು. ಅಮೆರಿಕದಲ್ಲಿ ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದೆಂದರೆ, ನೆರವು ಕಳೆದು ಉಳಿಯುವ ಖರ್ಚನ್ನು ಅಂದಾಜು ಮಾಡುವ ಕ್ಯಾಲ್ಕುಲೇಟರನ್ನು ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ವ್ಯವಸ್ಥೆಯಲ್ಲಿರುವ ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ಇಡಲೇಬೇಕೆಂದು 2011ರಿಂದ ಕಾನೂನಿದೆ. ವಿಲಿಯಮ್ಸ್ ಕಾಲೇಜು 2022ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಾನು ಕೊಡುವ ನೆರವಿನಲ್ಲಿ ಸಾಲದ ಭಾಗವನ್ನೇ ತೆಗೆದುಹಾಕಿತು. ನಮ್ಮಲ್ಲಿ ಅಂಥ ಕ್ಯಾಲ್ಕುಲೇಟರಿನ ಕಡ್ಡಾಯವಿಲ್ಲ. ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.

ಒಂದು ಊಹೆಯ ಪಟ್ಟಿ ಹಾಕೋಣ. ‘ಅ’ ಕಾಲೇಜಿನಲ್ಲಿ ವರ್ಷಕ್ಕೆ ಬೋಧನಾ ಶುಲ್ಕ 2,50,000 ರೂಪಾಯಿ, ಹಾಸ್ಟೆಲ್ ಮತ್ತು ಊಟ 1,20,000, ಪುಸ್ತಕ, ಓಡಾಟ, ಇತರೆ 30,000. ಒಟ್ಟು 4,00,000. ಇಲ್ಲಿ ಬೋಧನಾ ಶುಲ್ಕದಲ್ಲಿ ಅರ್ಧ ರಿಯಾಯಿತಿ ಸಿಕ್ಕರೂ ಮನೆಯವರು 2,75,000 ಹೊಂದಿಸಬೇಕು. ‘ಶೇ 50 ಸ್ಕಾಲರ್‌ಶಿಪ್’ ಎಂದು ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತದೆ, ನಿಜವಾಗಿ ಕಡಿಮೆಯಾಗಿರುವುದು ಒಟ್ಟು ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅದೇ ಫೀಸಿನ ‘ಆ’ ಕಾಲೇಜು ಬೋಧನೆ, ಊಟ, ವಸತಿ ಮೂರನ್ನೂ ಪೂರ್ತಿ ಭರಿಸಿದರೆ ಮನೆಯಿಂದ ಹೋಗುವುದು 30,000 ಮಾತ್ರ. ಮೂರನೆಯದು ‘ಇ’: ಫೀಸು 90,000, ನೆರವು ಏನೂ ಇಲ್ಲ, ಮನೆಯಿಂದಲೇ ಹೋಗಿಬರಬಹುದು. ಫೀಸಿನ ಪಟ್ಟಿಯಲ್ಲಿ ಅಗ್ಗವಾಗಿ ಕಂಡ ‘ಇ’, ಬಡ ಮನೆಗೆ ‘ಆ’ಗಿಂತ ದುಬಾರಿ. ಮೂರೂ ಪತ್ರಗಳನ್ನು ನೆಲದ ಮೇಲೆ ಹರಡಿಕೊಂಡು ಕೊನೆಯ ಸಾಲನ್ನಷ್ಟೇ ಹೋಲಿಸಿ.

ದೂರವೂ ಹಣವೇ. ಅಜೀಂ ಪ್ರೇಮ್‌ಜಿ ಕ್ಯಾಂಪಸ್ ಇರುವುದು ಸರ್ಜಾಪುರದ ಬಳಿಯ ಬುರುಗುಂಟೆಯಲ್ಲಿ, ಅಂದರೆ ಸುಂಕದಕಟ್ಟೆಗೆ ನಗರದ ಪೂರ್ತಿ ಇನ್ನೊಂದು ತುದಿಯಲ್ಲಿ. ದಿನಾ ಹೋಗಿಬರುವುದು ಆಗದ ಮಾತು. ಹಾಸ್ಟೆಲ್ ಇಲ್ಲದೆ ಓದಿಲ್ಲ. ಮೈಸೂರು ರಸ್ತೆಯ ಕಾಲೇಜಿಗಾದರೆ ಸುಮನಹಳ್ಳಿ, ನಾಗರಭಾವಿ ದಾಟಿ ರಿಂಗ್ ರೋಡಿನಲ್ಲೇ ಹೋಗಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ. ಮಗಳ ಓಡಾಟದ ಖರ್ಚು ಅಲ್ಲಿಗೆ ಇಲ್ಲವಾಯಿತು.

ವರ್ಷಗಳನ್ನೂ ಎಣಿಸಿ. ರಾಜ್ಯ ಸರ್ಕಾರ 2024ರಲ್ಲಿ ತನ್ನ ಕಾಲೇಜುಗಳಲ್ಲಿ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿತು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಮುಂದುವರಿದಿದೆ. ನಾಲ್ಕನೇ ವರ್ಷವೆಂದರೆ ಇನ್ನೊಂದು ವರ್ಷದ ಫೀಸು, ಜೊತೆಗೆ ಒಂದು ವರ್ಷ ತಡವಾಗಿ ಬರುವ ಸಂಬಳ.

ನೆರವು ಎಲ್ಲಿಂದ

ಬಡ ವಿದ್ಯಾರ್ಥಿಗೆ ಅನ್ನ, ಆಸರೆ ಕೊಟ್ಟು ಓದಿಸುವುದು ಈ ನಾಡಿಗೆ ಹೊಸದಲ್ಲ. ವಾರಾನ್ನದ ಮನೆಗಳಿದ್ದವು, ಮಠಗಳ ಉಚಿತ ಪ್ರಸಾದ ನಿಲಯಗಳು ಇಂದಿಗೂ ಇವೆ. ಸಿದ್ಧಗಂಗೆಯಲ್ಲಿ ಉಂಡು ಓದಿದವರು ಮಾಗಡಿ ರಸ್ತೆಯಲ್ಲೇ ಎಷ್ಟೋ ಮಂದಿ ಸಿಗುತ್ತಾರೆ. ನೆರವು ಕೇಳುವುದಕ್ಕೆ ನಾಚುವ ತಂದೆತಾಯಿಗಳಿಗೆ ಇದನ್ನು ನೆನಪಿಸಬೇಕು.

ಕಾಲೇಜಿನ ನೆರವು ಎರಡು ಬಗೆ. ಅಂಕ ನೋಡಿ ಕೊಡುವ ರಿಯಾಯಿತಿ ಒಂದು. ಕುಟುಂಬದ ಆದಾಯ ನೋಡಿ ಕೊಡುವುದು ಇನ್ನೊಂದು. ಅಜೀಂ ಪ್ರೇಮ್‌ಜಿಯದು ಎರಡನೆಯ ಬಗೆ: ಆದಾಯಕ್ಕೆ ತಕ್ಕಂತೆ ಭಾಗಶಃ ಅಥವಾ ಪೂರ್ತಿ, ಬೋಧನಾ ಶುಲ್ಕದ ಜೊತೆಗೆ ಊಟ, ವಸತಿಗೂ ಅನ್ವಯ. ನನ್ನ ಮಟ್ಟಿಗೆ ನೆರವು ಎನ್ನಬೇಕಾದ್ದು ಇದನ್ನೇ. ಅಂಕದ ರಿಯಾಯಿತಿಗೆ ಷರತ್ತು ಹೆಚ್ಚು. ಮುಂದಿನ ವರ್ಷ ಇಷ್ಟು ಗ್ರೇಡ್ ಬರದಿದ್ದರೆ ರದ್ದು ಎಂಬ ಸಾಲು ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ‘ಈ ರಿಯಾಯಿತಿ ಮೊದಲ ವರ್ಷಕ್ಕೋ, ಕೊನೆಯವರೆಗೋ’ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಬಾಯಿಮಾತು ಸಾಲದು.

ಆದಾಯ ತೋರಿಸಲು ಕಾಗದ ಬೇಕು. ನಾಡಕಚೇರಿಯ ಅಥವಾ ಬೆಂಗಳೂರು ಒನ್ ಕೇಂದ್ರದ ಮೂಲಕ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿ. ಅದರ ಮೇಲಿರುವ ಆರ್‌ಡಿ ನಂಬರು ಮುಂದೆ ಸರ್ಕಾರದ ಎಲ್ಲ ವಿದ್ಯಾರ್ಥಿವೇತನಕ್ಕೂ ಬೇಕು. ಅದರಲ್ಲಿನ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು, ಆಧಾರ್‌ನ ಹೆಸರು, ಮೂರರಲ್ಲೂ ಇನಿಷಿಯಲ್ ಒಂದೇ ಕಡೆ ಇದೆಯೇ ನೋಡಿ. ಇನಿಷಿಯಲ್ ಹಿಂದುಮುಂದಾದ ಒಂದೇ ಕಾರಣಕ್ಕೆ ಅರ್ಜಿಗಳು ತಿಂಗಳುಗಟ್ಟಲೆ ನಿಲ್ಲುತ್ತವೆ. ಮಗುವಿನ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು; ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನ ಹಣ ಬರುವುದು ಆ ಖಾತೆಗೇ.

ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪರಿಶಿಷ್ಟ ಜಾತಿಯವರಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳ ಲೆಕ್ಕದಲ್ಲಿ 10 ತಿಂಗಳು ಊಟ, ವಸತಿಯ ಹಣ ಬರುತ್ತದೆ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುವ ಯೋಜನೆ ಬೇರೆಯೇ ಇದೆ. ಅದು ಅವರದೇ ವಿಶ್ವವಿದ್ಯಾಲಯಕ್ಕೆ ಸೇರಿದವರಿಗೆ ಮಾತ್ರ ಎಂದುಕೊಳ್ಳಬೇಡಿ.

ಸಾಲ ಕೊನೆಯ ದಾರಿ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದೊಳಗಿನ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ, ಕಂತು ಶುರುವಾಗುವ ಮುಂಚಿನ ಅವಧಿಯಲ್ಲಿ, ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ. ಆದರೆ ಇದು ಸರ್ಕಾರ ಪಟ್ಟಿ ಮಾಡಿದ ಸಂಸ್ಥೆಗಳಿಗೆ ಮಾತ್ರ, ಸರ್ಕಾರದ ಬೇರೆ ವಿದ್ಯಾರ್ಥಿವೇತನ ಪಡೆಯುವವರಿಗೆ ಬಡ್ಡಿ ರಿಯಾಯಿತಿ ಇಲ್ಲ. ಸಾಲದ ಭಾರವನ್ನು ಕಣ್ಣಾರೆ ನೋಡಿ: 4 ಲಕ್ಷವನ್ನು ಶೇ 10ರ ಬಡ್ಡಿಯಲ್ಲಿ 7 ವರ್ಷ ತೀರಿಸಿದರೆ ತಿಂಗಳ ಕಂತು ಸುಮಾರು 6,640 ರೂಪಾಯಿ. ಓದುವ ವರ್ಷಗಳ ಬಡ್ಡಿ ಇದರ ಮೇಲೆ. ಮೊದಲ ಕೆಲಸದ ಸಂಬಳದಲ್ಲಿ ಇದನ್ನು ಕಟ್ಟಿ ಮನೆಗೂ ಕೊಡಲಾಗುವುದಿಲ್ಲ ಎನಿಸಿದರೆ, ವಿಜಯನಗರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎ. ಗೌರವದ ಆಯ್ಕೆಯೇ. ಅಲ್ಲಿ ಓದಿ, ಎಂ.ಎ.ಗೆ ಪೂರ್ತಿ ನೆರವಿನ ಜಾಗ ಹುಡುಕಬಹುದು.

ಸೀಟು ಒಪ್ಪಿಕೊಂಡ ಮೇಲೂ ಎರಡು ವಿಷಯ ಗೊತ್ತಿರಲಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಯಾವ ಕಾಲೇಜೂ ಮೂಲ ಅಂಕಪಟ್ಟಿ, ಟಿ.ಸಿ.ಗಳನ್ನು ತನ್ನ ಬಳಿ ಹಿಡಿದಿಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ಹಿಂದಿರುಗಿಸಬೇಕು. ಸೀಟು ಬಿಟ್ಟರೆ ಫೀಸು ವಾಪಸು ಕೊಡುವ ಗಡುವನ್ನು ಯುಜಿಸಿ ವರ್ಷ ವರ್ಷ ಪ್ರಕಟಿಸುತ್ತದೆ. 2024–25ರ ಸಾಲಿಗೆ ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ತಿ ಹಣ ಹಿಂದಿರುಗಿಸಬೇಕೆಂದು ಹೇಳಿತ್ತು. ಓದಿನ ನಡುವೆ ಅಪ್ಪನ ಕೆಲಸ ಹೋದರೆ, ಮನೆಯಲ್ಲಿ ಕಾಯಿಲೆ ಬಂದರೆ, ಫೀಸು ಬಾಕಿ ಉಳಿಸಿ ಸುಮ್ಮನೆ ಕೂರಬೇಡಿ. ಹೊಸ ಆದಾಯ ಪ್ರಮಾಣಪತ್ರ ಲಗತ್ತಿಸಿ, ನೆರವನ್ನು ಮರುಪರಿಶೀಲಿಸಿ ಎಂದು ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ ಮೊದಲ ವಾರದಲ್ಲೇ ಬರೆಯಿರಿ, ಸ್ವೀಕೃತಿ ಪಡೆದುಕೊಳ್ಳಿ.